ಯುದ್ಧ ನಿಂತ ಮೇಲೆ ಬರೆದ ಸಮುರಾಯ್ ನೀತಿ

ಜಪಾನಿನ ಹಳೆಯ ಯೋಧ ಸಮುರಾಯ್ ಅಂದ ಕೂಡಲೇ ನಮಗೆ ನೆನಪಾಗುವುದು ಒಡೆಯನಿಗಾಗಿ ಪ್ರಾಣ ಕೊಡುವವನು, ಸೆರೆ ಸಿಕ್ಕುವುದಕ್ಕಿಂತ ಹೊಟ್ಟೆ ಸೀಳಿಕೊಂಡು ಸಾಯುವವನು. ಆದರೆ ಸಮುರಾಯ್‌ಗಳು ನಿಜಕ್ಕೂ ಕಾದಾಡುತ್ತಿದ್ದ ಕಾಲದಲ್ಲಿ ನಡೆದದ್ದೇ ಬೇರೆ. 1582ರಲ್ಲಿ ಅಕೆಚಿ ಮಿತ್ಸುಹಿದೆ ತನ್ನ ಒಡೆಯ ಓದಾ ನೊಬುನಾಗನ ಮೇಲೆಯೇ ದಂಡೆತ್ತಿ ಹೋದ. ಕ್ಯೋಟೋದ ಹೊನ್ನೋಜಿ ದೇವಾಲಯದಲ್ಲಿ ನೊಬುನಾಗ ಸತ್ತ. 1600ರ ಸೆಕಿಗಹಾರಾ ಯುದ್ಧದ ಗತಿ ಬದಲಾದದ್ದೇ ಕೊಬಾಯಕಾವಾ ಹಿದೆಯಾಕಿ ಎಂಬವನು ನಡು ಯುದ್ಧದಲ್ಲಿ ಎದುರು ಪಕ್ಷಕ್ಕೆ ಹಾರಿದ್ದರಿಂದ. ತೋದೋ ತಕಾತೊರಾ ಒಬ್ಬರಾದ ಮೇಲೆ ಒಬ್ಬರಂತೆ ಹಲವು ಒಡೆಯರ ಬಳಿ ದುಡಿದು, ಕೊನೆಗೆ ತಾನೇ ದೊಡ್ಡ ಪಾಳೆಯದ ದೊರೆಯಾದ. ಒಳ್ಳೆಯ ಯೋಧನಿಗೆ ಬೇಡಿಕೆ ಇತ್ತು. ಜಾಸ್ತಿ ಕೊಡುವ ಒಡೆಯ ಸಿಕ್ಕರೆ ಅವನು ಹೋಗುತ್ತಿದ್ದ.

ಹಾಗಾದರೆ ಆ ಕಟ್ಟುನಿಟ್ಟಿನ ನೀತಿ ಬಂದದ್ದು ಎಲ್ಲಿಂದ? ನನಗೆ ಈ ಇತಿಹಾಸದಲ್ಲಿ ತುಂಬ ಮುಖ್ಯ ಅನಿಸುವುದು ಇದೇ ಪ್ರಶ್ನೆ. ಅದರ ಬಹುಪಾಲು ಬರಹ ಹುಟ್ಟಿದ್ದು ಯುದ್ಧ ನಿಂತ ಮೇಲೆ.

1603ರಲ್ಲಿ ತೊಕುಗಾವಾ ಮನೆತನದ ಆಳ್ವಿಕೆ ಶುರುವಾಯಿತು. 1638ರಲ್ಲಿ ಶಿಮಾಬಾರಾ ದಂಗೆ ಅಡಗಿದ ನಂತರ ಸುಮಾರು 200 ವರ್ಷ ದೇಶದಲ್ಲಿ ದೊಡ್ಡ ಯುದ್ಧವೇ ನಡೆಯಲಿಲ್ಲ. ಸೊಂಟದಲ್ಲಿ ಎರಡು ಕತ್ತಿ ಇತ್ತು, ಬೀಸಲು ಕಾರಣ ಇರಲಿಲ್ಲ. ಸಮುರಾಯ್‌ಗಳು ಕೋಟೆ ಪಟ್ಟಣಗಳಲ್ಲಿ ಕಂದಾಯದ ಲೆಕ್ಕ ಬರೆದರು, ಕಾವಲು ಕಾದರು. ಸಂಬಳವನ್ನು ಅಕ್ಕಿಯಲ್ಲಿ ಅಳೆಯುತ್ತಿದ್ದರು. ಅಳತೆಯ ಹೆಸರು ಕೊಕು. ಒಂದು ಕೊಕು ಅಂದರೆ ಸುಮಾರು 150 ಕೆಜಿ ಅಕ್ಕಿ, ಒಬ್ಬನಿಗೆ ವರ್ಷಕ್ಕೆ ಸಾಕು ಎನ್ನುವಷ್ಟು. ಕೆಳ ದರ್ಜೆಯವರಿಗೆ ಸಿಗುತ್ತಿದ್ದ ಸಂಬಳ ಸಾಲುತ್ತಿರಲಿಲ್ಲ. ಮನೆಯಲ್ಲಿ ಕೊಡೆ ಮಾಡಿ ಮಾರುತ್ತಿದ್ದರು, ವರ್ತಕರ ಬಳಿ ಸಾಲ ಮಾಡುತ್ತಿದ್ದರು.

ರೈತ ಬೆಳೆಯುತ್ತಾನೆ, ಕುಶಲಕರ್ಮಿ ಮಾಡುತ್ತಾನೆ, ವರ್ತಕ ಮಾರುತ್ತಾನೆ. ಇದ್ಯಾವುದನ್ನೂ ಮಾಡದ ಸಮುರಾಯ್ ಯಾಕೆ ಬೇಕು? 17ನೇ ಶತಮಾನದ ಚಿಂತಕ ಯಾಮಾಗಾ ಸೊಕೊ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ. ಕನ್‌ಫ್ಯೂಷಿಯಸ್ ಚಿಂತನೆಯ ನೆಲೆಯಲ್ಲಿ ಅವನು ಕೊಟ್ಟ ಉತ್ತರ: ಸಮುರಾಯ್‌ನ ಕೆಲಸ ಕರ್ತವ್ಯ ಪಾಲಿಸಿ ಉಳಿದವರಿಗೆ ಮಾದರಿಯಾಗುವುದು. ಕತ್ತಿಯ ಕೆಲಸ ಹೋದವನಿಗೆ ನಡತೆಯೇ ಕೆಲಸವಾಯಿತು.

ಅಧಿಕೃತ ಚಿಂತನೆಯನ್ನು ಟೀಕಿಸಿದ್ದಕ್ಕೆ ಸರಕಾರ 1666ರಲ್ಲಿ ಯಾಮಾಗಾನನ್ನು ಅಕೋ ಎಂಬ ಸಂಸ್ಥಾನಕ್ಕೆ ಗಡಿಪಾರು ಮಾಡಿತು. ಮುಂದೆ ಈ ನೀತಿಯ ಅತಿ ದೊಡ್ಡ ಪರೀಕ್ಷೆ ಎದುರಾದದ್ದು ಅದೇ ಅಕೋದ ಸಮುರಾಯ್‌ಗಳಿಗೆ. 1701ರಲ್ಲಿ ಅಕೋದ ದೊರೆ ಅಸಾನೊ, ಎದೋ (ಇಂದಿನ ಟೋಕಿಯೋ) ಕೋಟೆಯೊಳಗೆ ಕಿರಾ ಎಂಬ ಅಧಿಕಾರಿಯ ಮೇಲೆ ಕತ್ತಿ ಎತ್ತಿದ. ಕೋಟೆಯೊಳಗೆ ಕತ್ತಿ ಹಿರಿಯುವುದು ಘೋರ ಅಪರಾಧ. ಅವತ್ತೇ ಅಸಾನೊಗೆ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆ ಆಯಿತು, ಸಂಸ್ಥಾನ ಹೋಯಿತು. ಕಿರಾಗೆ ಏನೂ ಆಗಲಿಲ್ಲ. ಒಡೆಯನಿಲ್ಲದ 47 ಸಮುರಾಯ್‌ಗಳು ಓಯಿಶಿ ಎಂಬವನ ಮುಂದಾಳ್ತನದಲ್ಲಿ ಸುಮಾರು ಎರಡು ವರ್ಷ ಕಾದರು. 1703ರ ಜನವರಿಯ ಒಂದು ರಾತ್ರಿ ಕಿರಾನ ಮನೆಗೆ ನುಗ್ಗಿ ಅವನ ತಲೆ ಕಡಿದರು. ಅದನ್ನು ಸೆಂಗಾಕುಜಿ ದೇವಾಲಯದಲ್ಲಿದ್ದ ಒಡೆಯನ ಸಮಾಧಿಗೆ ಒಪ್ಪಿಸಿ, ಸರಕಾರಕ್ಕೆ ಶರಣಾದರು.

ಇಲ್ಲಿ ಸರಕಾರ ನಿಜಕ್ಕೂ ಇಕ್ಕಟ್ಟಿಗೆ ಸಿಕ್ಕಿತು. ಒಡೆಯನಿಗೆ ನಿಷ್ಠರಾಗಿರಿ ಎಂದು ಹೇಳಿಕೊಟ್ಟದ್ದೂ ಅದೇ, ಖಾಸಗಿ ಸೇಡು ತೀರಿಸಿಕೊಳ್ಳಬಾರದು ಎಂದದ್ದೂ ಅದೇ. ಪಂಡಿತ ಓಗ್ಯೂ ಸೊರಾಯಿಯ ವಾದ ಸ್ಪಷ್ಟವಾಗಿತ್ತು: ಇವರ ನಿಷ್ಠೆ ದೊಡ್ಡದು, ಆದರೆ ಅದು ಖಾಸಗಿ. ಕಾನೂನು ಎಲ್ಲರದು, ಅದನ್ನು ಬಗ್ಗಿಸಬಾರದು. ಕೊನೆಗೆ ಒಬ್ಬನನ್ನು ಬಿಟ್ಟು ಉಳಿದ 46 ಮಂದಿಗೆ ಸಾಮಾನ್ಯ ಅಪರಾಧಿಗಳಂತೆ ತಲೆ ಕಡಿಸಿಕೊಳ್ಳುವ ಬದಲು ಗೌರವದಿಂದ ಹೊಟ್ಟೆ ಸೀಳಿಕೊಂಡು ಸಾಯುವ ಆದೇಶ ಬಂತು. ಜನ ಮಾತ್ರ ಅವರನ್ನು ವೀರರೆಂದೇ ಎದೆಗೆ ಹಚ್ಚಿಕೊಂಡರು. ಬೊಂಬೆಯಾಟ, ಕಬುಕಿ ನಾಟಕಗಳಲ್ಲಿ ಆ ಕಥೆ ಬಂತು. ಹಳೆಯ ಪಂಚಾಂಗದ ದಾಳಿಯ ದಿನಾಂಕ ಹಿಡಿದು ಪ್ರತಿ ಡಿಸೆಂಬರ್ 14ರಂದು ಸೆಂಗಾಕುಜಿಯಲ್ಲಿ ಇವತ್ತಿಗೂ ಅವರ ಸ್ಮರಣೆ ನಡೆಯುತ್ತದೆ.

ಇವರನ್ನು ಒಪ್ಪದ ಒಬ್ಬ ಸಮುರಾಯ್ ಕೂಡ ಇದ್ದ. ಸಾಗಾ ಸಂಸ್ಥಾನದ ಯಾಮಾಮೊತೊ ತ್ಸುನೆತೊಮೊ. ಇಷ್ಟು ದಿನ ಕಾದದ್ದೇ ತಪ್ಪು, ಅಷ್ಟರಲ್ಲಿ ಕಿರಾ ಕಾಯಿಲೆ ಬಂದು ಸತ್ತಿದ್ದರೆ ಏನು ಮಾಡುತ್ತಿದ್ದರು ಎಂಬುದು ಅವನ ಆಕ್ಷೇಪ. ಯೋಧನ ದಾರಿ ಸಾವಿನಲ್ಲಿದೆ ಎಂಬ ಪ್ರಸಿದ್ಧ ಮಾತು ಅವನದೇ. ಆದರೆ ಅವನು ಯುದ್ಧಭೂಮಿ ಕಂಡವನಲ್ಲ. ಒಡೆಯ 1700ರಲ್ಲಿ ತೀರಿಕೊಂಡಾಗ ಹಿಂದೆಯೇ ಸಾಯಬೇಕೆಂದಿದ್ದ, ಅದಕ್ಕೂ ನಿಷೇಧವಿತ್ತು. ತಲೆ ಬೋಳಿಸಿಕೊಂಡು ಸನ್ಯಾಸಿಯಾದ. ಅವನು ಹೇಳಿದ ಮಾತುಗಳನ್ನು ಇನ್ನೊಬ್ಬ ಬರೆದುಕೊಂಡ. ಅದೇ 'ಹಾಗಾಕುರೆ'. ಅದರಲ್ಲಿ ಸಾವಿನ ಹಂಬಲ ಅಷ್ಟು ಉರಿಯುವುದು, ಸಾಯುವ ಅವಕಾಶವೇ ಸಿಗದವನ ಮಾತು ಅದಾದ್ದರಿಂದ ಎಂದು ನನಗನಿಸುತ್ತದೆ.

1868ರಲ್ಲಿ ತೊಕುಗಾವಾ ಆಳ್ವಿಕೆ ಹೋಗಿ, ಚಕ್ರವರ್ತಿಯ ಹೆಸರಿನ ಮೇಜಿ ಆಡಳಿತ ಬಂತು. 1873ರಲ್ಲಿ ಕಡ್ಡಾಯ ಸೈನ್ಯ ಸೇವೆ, 1876ರಲ್ಲಿ ಕತ್ತಿ ಧರಿಸುವುದಕ್ಕೆ ನಿಷೇಧ. ಸಮುರಾಯ್ ವರ್ಗವೇ ಮುಗಿಯಿತು. ಅವರ ನೀತಿ ಇಡೀ ದೇಶದ ನೀತಿಯಾದದ್ದು ಇದರ ನಂತರ! ಸಮುರಾಯ್ ಮನೆತನದಲ್ಲಿ ಹುಟ್ಟಿ ಕ್ರೈಸ್ತನಾದ ನಿತೋಬೆ ಇನಾಜೊ 1900ರಲ್ಲಿ 'ಬುಷಿದೊ' (ಯೋಧನ ದಾರಿ) ಪುಸ್ತಕವನ್ನು ಅಮೆರಿಕದಲ್ಲಿ ಪ್ರಕಟಿಸಿದರು, ಅದೂ ಇಂಗ್ಲಿಷಿನಲ್ಲಿ. ನಿಮ್ಮ ಶಾಲೆಗಳಲ್ಲಿ ಧರ್ಮ ಕಲಿಸದೆ ನೀತಿ ಹೇಗೆ ಕಲಿಸುತ್ತೀರಿ ಎಂದು ಬೆಲ್ಜಿಯಂನ ವಿದ್ವಾಂಸರೊಬ್ಬರು ಕೇಳಿದ್ದಕ್ಕೆ ಅದು ಉತ್ತರ. 1905ರಲ್ಲಿ ಜಪಾನ್ ರಷ್ಯಾವನ್ನು ಸೋಲಿಸಿದಾಗ ಜಗತ್ತೆಲ್ಲ ಆ ಗೆಲುವಿನ ಗುಟ್ಟನ್ನು ಅದರಲ್ಲಿ ಹುಡುಕಿತು. ಜಪಾನಿನಲ್ಲೇ ಬಹುಕಾಲ ಇದ್ದ ವಿದ್ವಾಂಸ ಬೇಸಿಲ್ ಹಾಲ್ ಚೇಂಬರ್ಲೇನ್ ಮಾತ್ರ, ಇದು ಇತ್ತೀಚೆಗೆ ಕಟ್ಟಿದ್ದು ಎಂದು 1912ರಲ್ಲೇ ಬರೆದರು.

ಒಂದೇ ಹೆಸರಿನ ನೀತಿಯಿಂದ ಎಂಥ ಬೇರೆ ಬೇರೆ ನಡತೆ ಹೊರಟಿತು ನೋಡಿ. 1905ರಲ್ಲಿ ರಷ್ಯನ್ನರ ಕೈಯಲ್ಲಿದ್ದ ಬಂದರು ಕೋಟೆ ಪೋರ್ಟ್ ಆರ್ಥರ್ ಶರಣಾದಾಗ, ಸೋತ ರಷ್ಯನ್ ಸೇನಾಪತಿ ತನ್ನ ಕತ್ತಿ ಧರಿಸಿಯೇ ಬರಲಿ ಎಂದು ಜಪಾನಿನ ಜನರಲ್ ನೋಗಿ ಒಪ್ಪಿದರು. ಆದರೆ ಜಪಾನಿನದೇ 1941ರ ಸೈನಿಕ ನಿಯಮಾವಳಿ, ಜೀವಂತ ಸೆರೆಸಿಕ್ಕುವ ಅವಮಾನ ಬೇಡ ಎಂದಿತು. ಅದನ್ನು ಓದಿಸಿದ್ದು ರೈತರ, ಕೂಲಿಗಳ ಮಕ್ಕಳಿಗೆ. ಸಾವಿರಾರು ಹುಡುಗರು ಶರಣಾಗಬಹುದಾದ ಕಡೆಯಲ್ಲೂ ಸತ್ತರು. ಶತ್ರು ಸೈನಿಕರು ಸೆರೆಸಿಕ್ಕಾಗ ಅವರನ್ನು ಮನುಷ್ಯರಂತೆ ಕಾಣಲಿಲ್ಲ. ಇದನ್ನು ಪ್ರಾಚೀನ ಸಂಪ್ರದಾಯ ಎನ್ನುವುದು ಸತ್ಯವಲ್ಲ. ಪಕ್ಷ ಬದಲಿಸುತ್ತಿದ್ದ ಹಳೆಯ ಸಮುರಾಯ್‌ಗಳೇ ಇದನ್ನು ಒಪ್ಪುತ್ತಿರಲಿಲ್ಲ, ಅಲ್ವಾ?

ಜಪಾನೀ ಕಂಪನಿ ನೌಕರನ ನಿಷ್ಠೆಗೂ ಸಮುರಾಯ್‌ಗೂ ಗಂಟು ಹಾಕುವವರಿದ್ದಾರೆ. ಒಂದೇ ಕಂಪನಿಯಲ್ಲಿ ನಿವೃತ್ತಿಯವರೆಗೆ ದುಡಿಯುವ ಪದ್ಧತಿ ಬೆಳೆದದ್ದು 20ನೇ ಶತಮಾನದಲ್ಲಿ, ಹಾಗಾಗಿ ನಾನು ಅದನ್ನು ನಂಬುವುದಿಲ್ಲ. ಪ್ರಭಾವ ಕಣ್ಣಿಗೆ ಕಾಣುವುದು ಸಮರ ಕಲೆಗಳಲ್ಲಿ. ಅವೂ ಸಮುರಾಯ್‌ಗಳ ಸೊತ್ತಾಗಿ ಉಳಿಯಲಿಲ್ಲ: ಜೂಡೋ ಕಟ್ಟಿದ ಕಾನೊ ಜಿಗೊರೊ ಸಾಕೆ ಎಂಬ ಮದ್ಯ ತಯಾರಿಸುವ ಮನೆತನದವರು. 2012ರಿಂದ ಜಪಾನಿನ ಕಿರಿಯ ಪ್ರೌಢಶಾಲೆಗಳಲ್ಲಿ ಹುಡುಗರು, ಹುಡುಗಿಯರು ಎಲ್ಲರಿಗೂ ಸಮರ ಕಲೆ ಕಡ್ಡಾಯ ಪಾಠ. ಬಿದಿರಿನ ಕತ್ತಿಯಿಂದ ಆಡುವ ಕೆಂದೊದಲ್ಲಿ ಸರಿಯಾಗಿ ಹೊಡೆದರಷ್ಟೇ ಸಾಲದು, ಹೊಡೆದ ಮೇಲೂ ಎದುರಾಳಿಯ ಮೇಲೆ ಗಮನ ಇರಬೇಕು. ಗೆದ್ದೆನೆಂದು ಮುಷ್ಟಿ ಎತ್ತಿ ಕುಣಿದರೆ ತೀರ್ಪುಗಾರರು ಆ ಅಂಕವನ್ನು ರದ್ದು ಮಾಡಬಹುದು.