ಥರ್ಮಲ್ ಥ್ರಾಟ್ಲಿಂಗ್: ಕಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುವ ಬಗೆ

ಏಪ್ರಿಲ್ ತಿಂಗಳು, ಮದುವೆ ಪತ್ರಿಕೆಗಳ ಹಂಗಾಮು. ಗದುಗಿನ ಮುದ್ರಣಾಲಯದಲ್ಲಿ ಬೆಳಿಗ್ಗೆ ಚುರುಕಾಗಿದ್ದ ಕಂಪ್ಯೂಟರ್ ಮಧ್ಯಾಹ್ನ ಮೂರರ ಹೊತ್ತಿಗೆ ತೆವಳತೊಡಗುತ್ತದೆ. ವೈರಸ್ ಇರಬೇಕೆಂದು ವಿಂಡೋಸ್ ಮತ್ತೆ ಹಾಕಿಸುವವರಿದ್ದಾರೆ, ರ‍್ಯಾಮ್ ಸೇರಿಸುವವರಿದ್ದಾರೆ, ಯಂತ್ರವೇ ಹಳೆಯದಾಯಿತೆಂದು ಹೊಸದಕ್ಕೆ ದುಡ್ಡು ಸುರಿಯುವವರೂ ಇದ್ದಾರೆ. ಬೆಳಿಗ್ಗೆ ಸರಿ, ಬಿಸಿಲೇರಿದಂತೆ ನಿಧಾನ ಎಂಬ ಲಕ್ಷಣ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಥರ್ಮಲ್ ಥ್ರಾಟ್ಲಿಂಗ್ ಅನ್ನು.

ಪ್ರೊಸೆಸರ್‌ನ ಒಳಗೇ ತಾಪಮಾನ ಅಳೆಯುವ ಸಂವೇದಕಗಳಿರುತ್ತವೆ. ತಯಾರಕರು ನಿಗದಿ ಮಾಡಿದ ಮಿತಿಯನ್ನು ಶಾಖ ಮುಟ್ಟಿದಾಗ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ತಗ್ಗಿಸಿಕೊಳ್ಳುತ್ತದೆ. ಇಂಟೆಲ್‌ನ ಐ5-12400ಕ್ಕೆ ಆ ಮಿತಿ 100 ಡಿಗ್ರಿ ಸೆಲ್ಸಿಯಸ್. ಬಳಕೆಯಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ಅನುಪಾತದಲ್ಲಿರುತ್ತದೆ. ಹಾಗಾಗಿ ಎರಡನ್ನೂ ಶೇಕಡಾ 20ರಷ್ಟು ಇಳಿಸಿದರೆ, ಲೆಕ್ಕದ ಪ್ರಕಾರ, ಕೆಲಸದಿಂದ ಹುಟ್ಟುವ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಸ್ವಲ್ಪ ವೇಗ ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುವ ಈ ಏರ್ಪಾಡು ನಿಜಕ್ಕೂ ಮೆಚ್ಚತಕ್ಕದ್ದು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ತಾಣದವರು ಆಟವೊಂದು ನಡೆಯುತ್ತಿರುವಾಗಲೇ ಪ್ರೊಸೆಸರ್‌ಗಳನ್ನು ತಂಪಾಗಿಡುವ, ಮೇಲಿನ ಕೂಲರ್ ಕಿತ್ತು ತೋರಿಸಿದ್ದರು. ಇಂಟೆಲ್‌ನ ಪೆಂಟಿಯಮ್ 4 ನಿಧಾನವಾಯಿತು, ಆಟ ನಿಲ್ಲಲಿಲ್ಲ. ಎಎಮ್‌ಡಿ ಕಂಪನಿಯ ಅಂದಿನ ಅಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು. ಇಂದಿನ ಎಲ್ಲ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲೂ ಈ ರಕ್ಷಣೆ ಇದೆ.

ಇದನ್ನು ಗುರುತಿಸಲು ತಾಪಮಾನ ಮತ್ತು ವೇಗ ಎರಡನ್ನೂ ಒಟ್ಟಿಗೆ, ಯಂತ್ರ ಕೆಲಸದಲ್ಲಿರುವಾಗ ನೋಡಬೇಕು. ಸುಮ್ಮನಿರುವಾಗ 800 ಮೆಗಾಹರ್ಟ್ಸ್ ಕಂಡರೆ ಅದು ವಿದ್ಯುತ್ ಉಳಿತಾಯ, ರೋಗವಲ್ಲ. ಐ5-12400ರ ಮೂಲ ವೇಗ 2.5 ಗಿಗಾಹರ್ಟ್ಸ್, ಗರಿಷ್ಠ 4.4. ಭಾರದ ಕೆಲಸ ನಡೆದಿರುವಾಗ ತಾಪಮಾನ 100ಕ್ಕೆ ಅಂಟಿಕೊಂಡು ವೇಗ 2.5ಕ್ಕಿಂತಲೂ ಕೆಳಗಿಳಿದರೆ ಅನುಮಾನವೇ ಬೇಡ. ಬರೀ ತಾಪಮಾನ ನೋಡಿ ಗಾಬರಿಯಾಗಬಾರದು. ಎಎಮ್‌ಡಿಯ ರೈಜನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಪೂರ್ತಿ ಭಾರದಲ್ಲಿ 95 ಡಿಗ್ರಿಯಲ್ಲೇ ನಡೆಯುವಂತೆ ರೂಪುಗೊಂಡಿವೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ, ಇಂಟೆಲ್ ಪ್ರೊಸೆಸರ್ ಆದರೆ, ಥ್ರಾಟ್ಲಿಂಗ್ ಆಗಿದೆಯೋ ಇಲ್ಲವೋ ಎಂಬುದನ್ನು ನೇರವಾಗಿಯೇ ಹೇಳುತ್ತದೆ.

ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ದೂಳು. ಬ್ಯಾಡಗಿ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲಿ ಮೆಣಸಿನಕಾಯಿಯ ಪುಡಿ, ಬೆಟಗೇರಿಯ ಮಗ್ಗದ ಮನೆಗಳಲ್ಲಿ ನೂಲಿನ ಎಳೆ, ಮುದ್ರಣಾಲಯಗಳಲ್ಲಿ ಕಾಗದದ ಹೊಟ್ಟು. ಇವು ಫ್ಯಾನಿಗೂ ಪ್ರೊಸೆಸರ್‌ನ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಕಂಬಳಿಯಂತೆ ಕೂರುತ್ತವೆ. ಮೇಲಿನಿಂದ ಫ್ಯಾನ್ ಶುಭ್ರವಾಗಿ ಕಾಣುವುದರಿಂದ ಅದನ್ನು ಬಿಚ್ಚದೆ ಗೊತ್ತಾಗುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಿರ್ರನೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೋಣೆಯ ಬಿಸಿಯೂ ಲೆಕ್ಕಕ್ಕಿದೆ: ತಗಡಿನ ಛಾವಣಿಯ ಕೆಳಗೆ ಕೋಣೆ 10 ಡಿಗ್ರಿ ಹೆಚ್ಚು ಕಾದರೆ ಪ್ರೊಸೆಸರ್ ಕೂಡ ಸುಮಾರು ಅಷ್ಟೇ ಹೆಚ್ಚು ಕಾಯುತ್ತದೆ. ಪೆಟ್ಟಿಗೆಯನ್ನು ಮೇಜಿನ ಮುಚ್ಚಿದ ಗೂಡಿನಲ್ಲಿ ಕೂರಿಸುವುದನ್ನು ದಯವಿಟ್ಟು ಬಿಡಿ.

ದೂಳು ತೆಗೆದರೂ ಸರಿಹೋಗದಿದ್ದರೆ ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ಶಾಖ ದಾಟಿಸಲು ನಡುವೆ ಬಳಿದ ಥರ್ಮಲ್ ಪೇಸ್ಟ್ ಒಣಗಿರಬಹುದು. ಇನ್ನು ಹುಬ್ಬಳ್ಳಿಯಿಂದ ಊರಿಗೆ ಬೈಕಿನ ಮೇಲೆ ತಂದ ಪೆಟ್ಟಿಗೆ ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ 100 ಮುಟ್ಟಿದರೆ, ಕೂಲರಿನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಎದ್ದಿದೆಯೇ ನೋಡಿ.

ಯಂತ್ರ ಪೂರ್ತಿ ಕೈಕೊಡುವುದು ಬೇರೆ ವಿಷಯ, ಎರಡನ್ನೂ ಬೆರೆಸಬಾರದು. ವೇಗ ಇಳಿಸಿದ ಮೇಲೂ ಶಾಖ ಏರುತ್ತಲೇ ಹೋದರೆ ಪ್ರೊಸೆಸರ್ ಯಾವ ಸೂಚನೆಯನ್ನೂ ಕೊಡದೆ ಇಡೀ ಯಂತ್ರವನ್ನು ಆರಿಸಿಬಿಡುತ್ತದೆ. ಆಮೇಲೆ ಯಂತ್ರದ ಆಗುಹೋಗುಗಳನ್ನು ದಾಖಲಿಸಿ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ಸಿಗುತ್ತದೆ. ಸರಿಯಾಗಿ ಮುಚ್ಚದೆ ಯಂತ್ರ ನಿಂತಿತೆಂದಷ್ಟೇ ಅದರ ಅರ್ಥ. ಕರೆಂಟು ಹೋದರೂ, ಪವರ್ ಸಪ್ಲೈ ಕೆಟ್ಟರೂ ಅದೇ ದಾಖಲೆ ಬರುತ್ತದೆ. ತಂಪಾಗಿರುವಾಗಲೂ ವಿಂಡೋಸ್ ಕುಸಿದು ನೀಲಿ ಪರದೆ ಬರುತ್ತಿದ್ದರೆ ಶಾಖದ ಬೆನ್ನು ಹತ್ತುವುದನ್ನು ಬಿಟ್ಟು ರ‍್ಯಾಮ್, ಪವರ್ ಸಪ್ಲೈ, ವೋಲ್ಟೇಜ್ ಕಡೆ ನೋಡಬೇಕು.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರಂತೂ ಇದನ್ನು ಗಮನಿಸಲೇಬೇಕು. ಅವುಗಳಲ್ಲಿ ಹಲವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿದ್ದುದನ್ನು ಕಂಪನಿಯೇ 2024ರ ಜುಲೈನಲ್ಲಿ ಒಪ್ಪಿಕೊಂಡಿತು, ಆಗಸ್ಟ್‌ನಲ್ಲಿ ಮದರ್‌ಬೋರ್ಡಿನ ಬಯೋಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಮೂಲಕ ತಿದ್ದುಪಡಿ ಕೊಟ್ಟಿತು. ಬಯೋಸ್ ಹೊಸದಾಗಿಸಿದರೆ ಮುಂದಿನ ಹಾನಿ ತಗ್ಗುತ್ತದೆ, ಆದರೆ ಆಗಲೇ ಕೆಟ್ಟದ್ದು ಗುಣವಾಗುವುದಿಲ್ಲ, ಬದಲಿಸಿಕೊಳ್ಳಬೇಕು. ಆ ಪ್ರೊಸೆಸರ್‌ಗಳ ವಾರಂಟಿಯನ್ನು ಇಂಟೆಲ್ 2 ವರ್ಷ ಹೆಚ್ಚಿಸಿದೆ. ಅಂಗಡಿಯವರು ವಾರಂಟಿ ಮುಗಿದಿದೆ ಎಂದರೂ ಬಿಲ್ಲು ತೋರಿಸಿ ಇನ್ನೊಮ್ಮೆ ಕೇಳಿ.