ಕರಿಗಲ್ಲಿನಲ್ಲಿ ಇಂಗಾಲ ಹೂಳುವ ಲೆಕ್ಕ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತದ ನಮ್ಮ ಕನ್ನಡ ರೈತರು ಬಸಾಲ್ಟ್ ಶಿಲೆಯನ್ನು, ಅಂದರೆ ಲಾವಾ ತಣಿದು ಆದ ಕರಿಗಲ್ಲನ್ನು, ಬೋರ್ ಕೊರೆಸುವಾಗ ನೋಡಿದ್ದಾರೆ. ಎರೆಮಣ್ಣು, ಮುರುಮು ದಾಟಿದ ಮೇಲೆ ಕಪ್ಪು ಪುಡಿ ಹಾರುತ್ತದೆ. ನಡುನಡುವೆ ಕೆಂಪು ಪುಡಿ ಬರುತ್ತದೆ. ಅದು ಎರಡು ಲಾವಾ ಹರಿವುಗಳ ನಡುವಿನ ಪದರ. ಒಮ್ಮೊಮ್ಮೆ ಬಿಳಿ ಹರಳಿನ ಚೂರುಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವು ಕ್ಯಾಲ್ಸೈಟ್: ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್, ಕ್ಯಾಲ್ಸಿಯಂ ಜೊತೆ ಕೂಡಿ ಕಲ್ಲಾದದ್ದು. ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿನ ಇಂಗಾಲವನ್ನೂ ಹೀಗೆಯೇ ಕಲ್ಲಾಗಿಸಬಹುದೇ ಎಂಬುದು ಈಗಿನ ಪ್ರಶ್ನೆ.

ನೆಲದಡಿ ಇಂಗಾಲ ತುಂಬುವುದು ಹೊಸತಲ್ಲ. ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ಸಮುದ್ರತಳದ ಮರಳುಗಲ್ಲಿಗೆ ಅದನ್ನು ಇಳಿಸುತ್ತಿದ್ದಾರೆ. ಹೀಗೆ ತುಂಬಿಡುವ ಭಾರತದ ಸಾಮರ್ಥ್ಯದ ಬಗ್ಗೆ 2006ರಲ್ಲಿ ಬಂದ ಅಂದಾಜು 57,200 ಕೋಟಿ ಟನ್. ಅದರಲ್ಲಿ ಬಸಾಲ್ಟ್ ಪಾಲು 20,000 ಕೋಟಿ. ನೀತಿ ಆಯೋಗದ 2022ರ ವರದಿಯಲ್ಲಿ ಬಸಾಲ್ಟ್ ಪಾಲು 9,700 ಕೋಟಿಯಿಂದ 31,600 ಕೋಟಿ ಟನ್. ಕನಿಷ್ಠಕ್ಕೂ ಗರಿಷ್ಠಕ್ಕೂ ಮೂರು ಪಟ್ಟಿಗಿಂತ ಹೆಚ್ಚಿನ ಅಂತರವಿರುವುದಕ್ಕೆ ಕಾರಣವಿದೆ. ದಖ್ಖನ್ ಬಸಾಲ್ಟ್ ಸುಮಾರು 5 ಲಕ್ಷ ಚದರ ಕಿಲೊಮೀಟರ್ ಹರಡಿದೆ; ಇಷ್ಟು ವಿಸ್ತೀರ್ಣವನ್ನು ದಪ್ಪದಿಂದ, ರಂಧ್ರಗಳ ಪ್ರಮಾಣದಿಂದ ಗುಣಿಸುವಾಗ ಊಹೆ ಸ್ವಲ್ಪ ಬದಲಾದರೂ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಇದನ್ನು ದೇಶದ ಕೈಯಲ್ಲಿರುವ ಜಾಗ ಎಂದು ಹೇಳಿಕೊಳ್ಳುವುದು ತಪ್ಪೆಂದೇ ನನ್ನ ಅಭಿಪ್ರಾಯ.

ದಪ್ಪವನ್ನೇ ನೋಡಿ. ಅನಿಲವನ್ನು ಒತ್ತಿ ದಟ್ಟವಾಗಿ ಇಡಬೇಕಾದರೆ ಸುಮಾರು 800 ಮೀಟರ್ ಆಳ ಬೇಕು. 1993ರ ಭೂಕಂಪದ ಬಳಿಕ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಕೊರೆದ ಬಾವಿಯಲ್ಲಿ 338 ಮೀಟರಿಗೇ ಬಸಾಲ್ಟ್ ಮುಗಿದು, ತೆಳು ಪದರವೊಂದರ ಕೆಳಗೆ ಹಳೆಯ ಗಟ್ಟಿ ಶಿಲೆ ಸಿಕ್ಕಿತು. ಪಶ್ಚಿಮಕ್ಕೆ ಕೊಯ್ನಾದಲ್ಲಿ ಬಸಾಲ್ಟಿನ ದಪ್ಪ ಕಿಲೊಮೀಟರಿಗೂ ಮಿಕ್ಕಿದೆ.

ಐಸ್‌ಲ್ಯಾಂಡ್‌ನ ಕಾರ್ಬ್‌ಫಿಕ್ಸ್ ಯೋಜನೆ ಇನ್ನೊಂದು ದಾರಿ ತೋರಿಸಿತು. 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ 400ರಿಂದ 800 ಮೀಟರ್ ಆಳದ ಬಸಾಲ್ಟಿಗೆ ಇಳಿಸಿದರು. ಎರಡು ವರ್ಷದೊಳಗೆ 95 ಶೇಕಡಾಕ್ಕೂ ಹೆಚ್ಚು ಖನಿಜವಾಯಿತೆಂದು 2016ರಲ್ಲಿ ಪ್ರಕಟವಾಯಿತು. ಆದರೆ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ಸೋಲಾಪುರದ 1,320 ಮೆಗಾವಾಟ್ ಉಷ್ಣ ಸ್ಥಾವರದಿಂದ ವರ್ಷಕ್ಕೆ 10 ಲಕ್ಷ ಟನ್ ಮಾತ್ರ ಹಿಡಿದರೂ 2.5 ಕೋಟಿ ಟನ್ ನೀರು, ಅಂದರೆ ಒಂದು ಟಿಎಂಸಿಗೆ ಸ್ವಲ್ಪ ಕಡಿಮೆ. ಅದೇ ನೀರನ್ನು ಮೇಲೆತ್ತಿ ಮತ್ತೆ ಬಳಸಬಹುದು, ನಿಜ. ಆದರೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಜತ್ತದವರ ಮುಂದೆ ಈ ಲೆಕ್ಕವನ್ನು ಮೊದಲು ಇಡಬೇಕು.

ಭೂಕಂಪದ ಅಧ್ಯಯನಕ್ಕಾಗಿ ಕೊಯ್ನಾದಲ್ಲಿ 3 ಕಿಲೊಮೀಟರ್ ಆಳದ ಬಾವಿ ಕೊರೆದ ದೇಶ ನಮ್ಮದು. ಸೋಲಾಪುರ, ಸಾಂಗಲಿ ಜಿಲ್ಲೆಗಳಲ್ಲೂ ಪರೀಕ್ಷಾ ಬಾವಿಗಳನ್ನು ಕೊರೆದು, ಯಾವ ಪದರ ಎಷ್ಟು ಹೀರುತ್ತದೆ, ಕುಡಿಯುವ ನೀರಿನ ಪದರಕ್ಕೆ ಅಪಾಯವಿದೆಯೇ, ಒತ್ತಡ ಹೆಚ್ಚಿದರೆ ನೆಲ ನಡುಗೀತೇ ಎಂಬುದನ್ನು ಅಳೆಯಬೇಕು. ಆ ವರದಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಈ ಊರುಗಳ ಗ್ರಾಮಸಭೆಗೆ ಬರಬೇಕು.