5ಜಿ ಟವರ್ ಮತ್ತು ವಿಮಾನದ ಆಲ್ಟಿಮೀಟರ್: ಬೇಲಿ ಹಾಕದ ನೆರೆಯ ತಕರಾರು

ವಿಮಾನದಲ್ಲಿ ಮೊಬೈಲ್ ಆಫ್ ಮಾಡಿಸುವ ರೂಢಿಗೂ ರನ್‌ವೇ ಬಳಿಯ 5ಜಿ ಟವರ್ ವಿಮಾನದ ಎತ್ತರ ಅಳೆಯುವ ಸಾಧನವನ್ನು ಕೆಡಿಸಬಹುದೆಂಬ ವಿವಾದಕ್ಕೂ ನಂಟು ಕಡಿಮೆ. ಮೊದಲನೆಯದರ ಬೇರು 1960ರ ದಶಕದ ಎಫ್‌ಎಂ ರೇಡಿಯೊದಲ್ಲಿದೆ. 98.3ಕ್ಕೆ ತಿರುಗಿಸಿದರೆ ರೇಡಿಯೊದೊಳಗೆ ತನ್ನದೇ ಸಂಕೇತ ಹುಟ್ಟಿಸುವ ಆಸಿಲೇಟರ್ 10.7 ಮೆಗಾಹರ್ಟ್ಸ್ ಮೇಲಕ್ಕೆ, ಅಂದರೆ 109ರಲ್ಲಿ ಮಿಡಿಯುತ್ತದೆ. ವಿಮಾನಕ್ಕೆ ದಾರಿ ತೋರುವ ಸಂಕೇತಗಳಿರುವುದು 108ರಿಂದ 118ರೊಳಗೆ, ಹಾಗಾಗಿ ಅವಕ್ಕೆ ಅಡ್ಡಿಯಾದೀತೆಂಬ ಭಯ.

5ಜಿ ತಕರಾರು ಇರುವುದು ರೇಡಿಯೊ ಆಲ್ಟಿಮೀಟರ್ ಜೊತೆ. ಇದು ವಿಮಾನದ ಹೊಟ್ಟೆಯಡಿಯಿಂದ 4200–4400 ಮೆಗಾಹರ್ಟ್ಸ್ ಸಂಕೇತವನ್ನು ನೆಲಕ್ಕೆ ಬಿಟ್ಟು, ಮರಳಿ ಬರುವ ಕ್ಷೀಣ ಪ್ರತಿಧ್ವನಿಯಿಂದ ಸುಮಾರು 2500 ಅಡಿವರೆಗಿನ ಎತ್ತರ ಅಳೆಯುತ್ತದೆ. ತಪ್ಪು ಅಳೆದರೆ? 2009ರಲ್ಲಿ, 5ಜಿ ಇಲ್ಲದ ಕಾಲದಲ್ಲೇ, ಆಮ್‌ಸ್ಟರ್‌ಡ್ಯಾಮ್ ಸಮೀಪ ಒಂದು ಬೋಯಿಂಗ್ 737 ವಿಮಾನ ಸುಮಾರು 1950 ಅಡಿ ಮೇಲಿದ್ದಾಗ ಎಡಗಡೆಯ ಆಲ್ಟಿಮೀಟರ್ ‘ಮೈನಸ್ 8 ಅಡಿ’ ಎಂದಿತು. ಇಳಿಯುವ ಗಳಿಗೆ ಬಂತೆಂದು, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೊಥ್ರಾಟಲ್ ಅದನ್ನು ತಗ್ಗಿಸಿತು. 9 ಮಂದಿ ಸತ್ತರು.

ಹಳೆಯ ಆಲ್ಟಿಮೀಟರ್‌ಗಳು 1974ರ ಮಾನದಂಡದವು. ಆಗ ಅವುಗಳ ಪಾಲಿಗಿಂತ ಕೆಳಗಿನ ಆವರ್ತನದ ನೆರೆಯಲ್ಲಿ ಉಪಗ್ರಹಗಳ ಪಿಸುಮಾತು ಮಾತ್ರ. ನೆರೆಯ ಸದ್ದು ತಡೆಯುವ ಬೇಲಿಯ ಅಗತ್ಯ ಯಾರಿಗೂ ಕಾಣಲಿಲ್ಲ. ಅದೇ ಜಾಗವನ್ನು, 3700ರಿಂದ 3980ರವರೆಗೆ, ಅಮೆರಿಕ 2020–21ರಲ್ಲಿ ಹರಾಜು ಹಾಕಿತು. ಉಳಿದ ಅಂತರ 220 ಮೆಗಾಹರ್ಟ್ಸ್. ಟವರ್ ತನ್ನ ಪಾಲಿನಲ್ಲೇ ಕೂಗಿದರೂ ಆಲ್ಟಿಮೀಟರ್‌ನ ಮೊದಲ ಆಂಪ್ಲಿಫೈಯರ್ ಉಸಿರುಗಟ್ಟಬಹುದು, ಪ್ರತಿಧ್ವನಿ ಮುಳುಗಬಹುದು. ಇದಕ್ಕೆ ಮದ್ದು ಆಂಟೆನಾಕ್ಕೂ ರಿಸೀವರ್‌ಗೂ ನಡುವಿನ ಕೇಬಲ್‌ನಲ್ಲಿ ಕೂತು ನೆರೆಯ ಸದ್ದನ್ನು ಸೋಸುವ ಪುಟ್ಟ ಫಿಲ್ಟರ್. ಟವರ್‌ನ ಸದ್ದೇ 4200 ದಾಟಿ ಸೋರಿದರೆ ಮಾತ್ರ ಫಿಲ್ಟರ್ ಏನೂ ಮಾಡಲಾರದು. ಅದನ್ನು ಟವರ್ ಕಡೆಯೇ ತಡೆಯಬೇಕು.

ಎಚ್ಚರಿಕೆಯ ವರದಿ 2020ರ ಅಕ್ಟೋಬರ್‌ನಲ್ಲೇ ಬಂದಿತ್ತು. ಫಿಲ್ಟರ್ ಖರ್ಚು ಯಾರದೆಂಬುದು ಹರಾಜಿಗೆ ಮೊದಲೇ ತೀರ್ಮಾನವಾಗಬೇಕಿದ್ದ ಮಾತು. ಆಗಲಿಲ್ಲ. 2022ರ ಜನವರಿ 19ರಂದು ಸೇವೆ ಶುರುವಾಗುವ ಹೊತ್ತಿಗೆ ಏರ್ ಇಂಡಿಯಾ ಸೇರಿ ಹಲವು ಸಂಸ್ಥೆಗಳು ಅಮೆರಿಕದ ಹಾರಾಟಗಳನ್ನು ರದ್ದು ಮಾಡಿದವು. ಬೋಯಿಂಗ್ 787 ವಿಮಾನದ ಮೇಲೆ ಬಂದ ನಿರ್ಬಂಧ ಇನ್ನೂ ವಿಚಿತ್ರ: ಎತ್ತರ ತಪ್ಪಾಗಿ ತಿಳಿದರೆ ಎಂಜಿನ್, ಬ್ರೇಕುಗಳು ಲ್ಯಾಂಡಿಂಗ್ ಸ್ಥಿತಿಗೆ ಬಾರದೆ, ಒದ್ದೆ ರನ್‌ವೇಯಲ್ಲಿ ವಿಮಾನ ನಿಲ್ಲದೇ ಹೋಗಬಹುದೆಂಬ ಭಯ. ಟವರ್‌ಗಳ ಶಕ್ತಿ ತಗ್ಗಿಸಿ ಕಾಲ ತಳ್ಳಲಾಯಿತು. ಆಲ್ಟಿಮೀಟರ್ ಸರಿಪಡಿಸಿಕೊಳ್ಳಲು ವಿಮಾನಗಳಿಗಿದ್ದ ಅಂತಿಮ ಗಡುವು 2024ರ ಫೆಬ್ರುವರಿಗೆ ಬಂದು ನಿಂತಿತು.

ಭಾರತದಲ್ಲಿ 5ಜಿಯ ಈ ತರಂಗಪಟ್ಟಿ (ಬ್ಯಾಂಡ್) 3670ಕ್ಕೇ ಮುಗಿಯುವುದರಿಂದ ಅಂತರ 530. ಆದರೂ ದೂರಸಂಪರ್ಕ ಇಲಾಖೆ 2022ರ ನವೆಂಬರ್‌ನಲ್ಲಿ ರನ್‌ವೇಯ ಎರಡೂ ತುದಿಗಳಿಂದ 2.1 ಕಿ.ಮೀ., ನಡುಗೆರೆಯಿಂದ 910 ಮೀಟರ್‌ವರೆಗೆ ಈ ಪಟ್ಟಿಯ ಟವರ್ ಬೇಡವೆಂದಿತು, ಆಲ್ಟಿಮೀಟರ್‌ಗಳ ಫಿಲ್ಟರ್ ಬದಲಾಗುವ ತನಕ.